ಎದುರೂರಿನವನ ಊಟ

ತುಮಕೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದ ಕಮಲಳಿಗೆ ಎರಡು ವಿದ್ಯೆ ಬರುತ್ತಿರಲಿಲ್ಲ. ಒಂದು, ಮೆಲ್ಲಗೆ ಮಾತಾಡುವುದು. ಇನ್ನೊಂದು, ತಾನು ಹೇಳಿದ್ದು ತಪ್ಪಿದ್ದರೂ ಇರಬಹುದು ಎಂದುಕೊಳ್ಳುವುದು. ಅವಳು ಮೊದಲ ಮಹಡಿಯಲ್ಲಿ ಪಾಠ ಮಾಡಿದರೆ ಕೆಳಗೆ ಸೈಕಲ್ ಸ್ಟ್ಯಾಂಡಿನಲ್ಲಿದ್ದ ಜವಾನನಿಗೂ ವಿಶ್ವಸಂಸ್ಥೆಯ ರಚನೆ ಬಾಯಿಪಾಠವಾಗುತ್ತಿತ್ತು. ಅಂಥವಳು ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ, ಎಪ್ಪತ್ತಾರನೇ ಇಸವಿಯಲ್ಲಿ, ಪಿಎಚ್.ಡಿ. ಮಾಡುತ್ತೇನೆಂದು ಹೊರಟಳು. ವಿಷಯ ಏನೆಂದರೆ, ದೊಡ್ಡ ದೇಶಗಳು ಅಣುಬಾಂಬು ಕಡಿಮೆ ಮಾಡುತ್ತೇವೆಂದು ಒಪ್ಪಂದ ಮಾಡಿಕೊಂಡರೆ, ಮಾತಿಗೆ ತಪ್ಪದ ಹಾಗೆ ಒಬ್ಬರನ್ನೊಬ್ಬರು ಕಾಯುವುದು ಹೇಗೆ?

ಸ್ಟಾಫ್ ರೂಮಿನಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ. ಇತಿಹಾಸದ ಮೇಷ್ಟ್ರು ಯೋಗನರಸಿಂಹ ದಿನವೂ ಪೇಪರ್ ಬಿಡಿಸಿಕೊಂಡು, "ಅಮೆರಿಕಾನೂ ರಷ್ಯಾನೂ ಸಹಿ ಹಾಕದೆ ಕೂತಿವೆ. ಯಾಕೆ ಅಂದ್ರೆ ನಮ್ಮ ಕಮಲಾ ಮೇಡಂ ಥೀಸಿಸ್ ಮುಗಿದಿಲ್ಲ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕಮಲ ಅವರಿಗಿಂತ ಜೋರಾಗಿ ನಕ್ಕು, "ಕಾಯ್ಲಿ ಬಿಡಿ, ಅವರಿಗೇನು ಅವಸರ," ಎನ್ನುತ್ತಿದ್ದಳು.

ಆದರೆ ಒಳಗೆ ಅವಳ ಬಂಡಿ ಹೂತುಕೊಂಡಿತ್ತು. ಬೆಂಗಳೂರಿನ ಲೈಬ್ರರಿಗಳಲ್ಲಿ ಕೂತು ಓದಿದಷ್ಟೂ ಒಂದೇ ಗೋಡೆಗೆ ತಲೆ ಬಡಿಯುತ್ತಿತ್ತು. ನಿನ್ನ ಮನೆಯೊಳಗೆ ಬಂದು ನೋಡುತ್ತೇನೆ ಎನ್ನುವನು ಒಬ್ಬ, ನೋಡಲು ಬರುವವನು ಗೂಢಚಾರ ಎನ್ನುವನು ಇನ್ನೊಬ್ಬ. ಎತ್ತು ಏರಿಗೆ, ಕೋಣ ನೀರಿಗೆ. ಆಕಾಶದಿಂದ ಫೋಟೋ ತೆಗೆದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಮೊದಲು ನಂಬಿಕೆ ಬೆಳೆಯಬೇಕು, ಆಮೇಲೆ ತಪಾಸಣೆ ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು. ನಂಬಿಕೆ ಇದ್ದರೆ ತಪಾಸಣೆ ಯಾಕೆ ಬೇಕು ಎಂದು ಕಮಲಳಿಗೆ ಸಿಟ್ಟು ಬರುತ್ತಿತ್ತು.

ಈ ಸಿಟ್ಟು ಇವತ್ತಿನದಲ್ಲ. ಅವಳ ತಂದೆ ಅನಂತರಾಮಯ್ಯ ಕುಣಿಗಲ್ಲಿನಲ್ಲಿ ಪಿಡಬ್ಲ್ಯುಡಿ ಗುಮಾಸ್ತರಾಗಿದ್ದವರು. ಬೇಸಿಗೆ ಬಂತೆಂದರೆ ಅವರ ಮನೆ ಜಗಲಿ ತುಂಬ ನೀರಿನ ಜಗಳ. ಮೇಲಿನ ಗದ್ದೆಯವನು ಕಾಲುವೆ ಒಡೆದ ಎಂದು ಕೆಳಗಿನವನು, ನಾನು ಮಲಗಿದ್ದೆ ಎಂದು ಮೇಲಿನವನು. ಲಂಗ ತೊಟ್ಟ ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವರು ಹೊಡೆದಾಡುತ್ತಿದ್ದುದು ನೀರಿಗಾಗಿ ಅಲ್ಲ, ಕತ್ತಲಲ್ಲಿ ಇನ್ನೊಬ್ಬ ಏನು ಮಾಡುತ್ತಾನೋ ಎಂಬ ಭಯಕ್ಕೆ ಎಂದು ಆಗಲೇ ಅವಳಿಗೆ ಅನ್ನಿಸಿತ್ತು.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪು ಗುಬ್ಬಿ ತಾಲ್ಲೂಕಿನಲ್ಲಿ, ಚೇಳೂರಿನಿಂದ ಮುಂದೆ ಬಸವನಕಟ್ಟೆ ಎಂಬ ಊರಲ್ಲಿ ನಡೆಯಿತು. ಹುಡುಗಿಯರಿಂದ ಗಿಡ ನೆಡಿಸಲು ಕಮಲ ಹೋದಳು. ಊರ ಪಕ್ಕ ಚಿಕ್ಕಮ್ಮನ ಕೆರೆ. ಅದರ ಏರಿಯ ಈ ತುದಿಗೊಂದು ತೂಬು, ಆ ತುದಿಗೊಂದು ತೂಬು. ಈ ತೂಬಿನ ನೀರು ಬಸವನಕಟ್ಟೆಗೆ, ಆ ತೂಬಿನ ನೀರು ಆಚೆಯ ಹಿಪ್ಪೆತೋಪಿಗೆ. ಈ ತುದಿಯ ತೂಬಿನ ಪಕ್ಕ ಒಬ್ಬ ಮನುಷ್ಯ ಕೊಡೆ ಬಿಚ್ಚಿಕೊಂಡು ಬೆಳಗಿನಿಂದ ಸುಮ್ಮನೆ ಕೂತಿದ್ದ. ಮಧ್ಯಾಹ್ನ ನಿಂಗಮ್ಮ ಎಂಬಾಕೆ ಕುಕ್ಕೆ ಹೊತ್ತುಕೊಂಡು ಬಂದು, ಅವನ ಮುಂದೆ ಮುತ್ತುಗದ ಎಲೆ ಹಾಕಿ ಮುದ್ದೆ ಬಡಿಸಿದಳು. ಆಕೆಯ ಗಂಡ ಗಂಗಹನುಮಯ್ಯ ಊರಿನ ಯಜಮಾನ, ಕ್ಯಾಂಪಿಗೆ ಜಾಗ ಕೊಟ್ಟವನು. ಕಮಲ ಅವನನ್ನು ಕೇಳಿದಳು.

"ಅವರು ಯಾರು?"

"ಅವ್ನಾ? ಹಿಪ್ಪೆತೋಪಿನ ಚಿಕ್ಕಬೀರಯ್ಯ. ನಾವು ನೀರು ಕದ್ದೇವು ಅಂತ ಕಾಯ್ತಾ ಕುಂತವ್ನೆ."

"ಆ ಊರಿಗೂ ನಿಮಗೂ ಅಷ್ಟು ಚೆನ್ನಾಗಿದೆಯಾ?"

"ಥೂ ಬುಡಿ! ಆ ಊರೋರನ್ನ ನಂಬಾಕಾಯ್ತದಾ? ನಮ್ ತಾತನ ಕಾಲ್ದಲ್ಲಿ ಒಂದೇ ರಾತ್ರೀಲಿ ಕೆರೆ ಬಸಿದವ್ರು ಅವ್ರು."

"ಮತ್ತೆ ಅವರ ಕಡೆಯವನಿಗೆ ನಿಮ್ಮ ಮನೆ ಊಟ?"

"ಕಾಯೋನಿಗೆ ಕಾಯಿಸ್ಕಳೋರೇ ಅನ್ನ ಹಾಕ್ಬೇಕು, ಮೇಡಮ್ನೋರೆ. ನಮ್ಮೋನೂ ಅಲ್ಲಿ ಅವ್ರ ತೂಬಿನ ತಾವ ಕುಂತವ್ನೆ. ಅವ್ನಿಗೆ ಅವ್ರು ಹಾಕ್ತಾರೆ."

ಉಳಿದದ್ದನ್ನು ಕಮಲ ಕೆದಕಿ ಕೆದಕಿ ತಿಳಿದುಕೊಂಡಳು. ಕೆರೆಯೊಳಗೆ ಒಂದು ಕಲ್ಲುಬಸವ ಇದೆ. ನೀರು ಇಳಿದು ಅದರ ಕೊರಳು ಕಂಡ ದಿನ ಎದುರೂರಿನ ಕಾವಲು ಶುರು. ಈ ಊರಿನವನು ಆ ತೂಬಿಗೆ, ಆ ಊರಿನವನು ಈ ತೂಬಿಗೆ. ಊಟದ ಹೊತ್ತಿಗೆ ಎಲ್ಲರೂ ಏರಿಯ ಕಡೆ ಒಂದು ಕಣ್ಣು ಇಟ್ಟಿರುತ್ತಾರೆ. ಕಾವಲಿನವನು ಉಂಡು ಎದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ಎಲೆ ಮುಟ್ಟದೆ ಎದ್ದನೋ, ಕಳ್ಳತನ ಕಂಡಿದ್ದಾನೆ. ಕೂಗಾಡಬೇಕಾಗಿಲ್ಲ, ಸಾಕ್ಷಿ ಕರೆಯಬೇಕಾಗಿಲ್ಲ, ಎದ್ದು ಹೋದರೆ ಸಾಕು. ಅನ್ನ ಬಿಟ್ಟು ಎದ್ದವನ ಮಾತನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ.

ಆ ಕ್ಯಾಂಪಿನಲ್ಲಿ ಹುಡುಗಿಯರು ನೆಟ್ಟ ಗಿಡ ಬದುಕಿದವೋ ಸತ್ತವೋ, ಕಮಲ ತಿರುಗಿ ನೋಡಲಿಲ್ಲ. ಅವಳಿಗೆ ಕುಣಿದಾಡುವಷ್ಟು ಸಂತೋಷವಾಗಿತ್ತು. ಒಬ್ಬರನ್ನೊಬ್ಬರು ಕಿಂಚಿತ್ತೂ ನಂಬದ ಎರಡು ಊರು ಎರಡು ತಲೆಮಾರಿನಿಂದ ಹೊಡೆದಾಡದೆ ಒಂದೇ ಕೆರೆಯ ನೀರು ಉಣ್ಣುತ್ತಿವೆ. ಪುಸ್ತಕದವರು ಹೇಳಿದ್ದು ತಲೆಕೆಳಗು. ನಂಬಿಕೆ ಬೇಕಾಗಿಯೇ ಇಲ್ಲ. ಎದುರಾಳಿಯವನು ನಮ್ಮ ಬಾಗಿಲಲ್ಲೇ ಕೂರಬೇಕು, ಅವನ ಹೊಟ್ಟೆ ನೋಡಿಕೊಳ್ಳುವ ಭಾರ ನಮ್ಮದಾಗಬೇಕು, ಅವನು ಕೊಡುವ ಸನ್ನೆ ಎಲ್ಲರಿಗೂ ಒಂದೇ ಸಲಕ್ಕೆ ಕಾಣಬೇಕು. ಕ್ಷಿಪಣಿ ಮಾಡುವ ಕಾರ್ಖಾನೆಯ ಗೇಟಿನಲ್ಲೂ ಹೀಗೆ ಕೂರಿಸಲು ಏನು ಅಡ್ಡಿ?

ಬೆಂಗಳೂರಿನಲ್ಲಿದ್ದ ಅವಳ ಗೈಡು ಶಿವರಾಮಯ್ಯನವರು ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದರು. "ಹೊಸದಾಗಿದೆಯಮ್ಮಾ," ಅಂದರು. "ಅದೇ ತೊಂದರೆ. ಹಳೇದಾಗಿದ್ರೆ ಕಣ್ಣು ಮುಚ್ಚಿ ಪಾಸ್ ಮಾಡ್ತಾರೆ."

"ಕಣ್ಣು ತೆರೆದೇ ಮಾಡ್ಲಿ ಸಾರ್," ಅಂದಳು ಕಮಲ.

ಇನ್ನು ಮನೆಯ ಒಪ್ಪಿಗೆ. ಗಂಡ ಸುಬ್ಬಕೃಷ್ಣ ಬ್ಯಾಂಕಿನಲ್ಲಿದ್ದವನು, ಬಾಯಿಲ್ಲದವನು; ಅವನದು ಬಿಡಿ. ಮನೆಯ ಯಜಮಾನಿಕೆ ಅತ್ತೆ ಕೌಸಲ್ಯಮ್ಮನವರದು. ಸೊಸೆ ಬೇಸಿಗೆ ರಜೆಯಲ್ಲೆಲ್ಲ ಕೆರೆ ಏರಿ ಮೇಲೆ ಕೂರುತ್ತಾಳೆಂದು ಕೇಳಿ ಅವರು ಸ್ವಲ್ಪ ಹೊತ್ತು ಜಪಮಣಿ ತಿರುಗಿಸಿದರು. ಆಮೇಲೆ, "ನೀನು ಎಲ್ಲಿ ಅಲಿತೀಯೋ ಅಲಿ. ಹೊರಗೆ ಯಾರ ಮನೇಲಿ ಏನು ತಿಂದೆ ಅಂತ ನಾನು ಕೇಳಲ್ಲ. ಆದ್ರೆ ಏಕಾದಶಿ ಮಾತ್ರ ಬಿಡಬೇಡ ಕಣೇ," ಅಂದರು. ಕಮಲ ಒಪ್ಪಿಕೊಂಡಳು. ಅತ್ತೆ ಸೊಸೆಯ ನಡುವೆ ಇಷ್ಟು ಸುಲಭದ ಒಪ್ಪಂದ ತುಮಕೂರಿನಲ್ಲಿ ಬೇರೆ ಎಲ್ಲೂ ಆಗಿರಲಾರದು.

ಮೂರು ಬೇಸಿಗೆ ಅವಳು ಗುಬ್ಬಿಗೆ ರೈಲು, ಗುಬ್ಬಿಯಿಂದ ಚೇಳೂರಿನ ಬಸ್ಸು ಎಂದು ಓಡಾಡಿದಳು. ಒಂದು ದಿನ ಈ ತೂಬು, ಇನ್ನೊಂದು ದಿನ ಆ ತೂಬು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಿಂಗಮ್ಮ ನಗುತ್ತಿದ್ದಳು. ಕಾವಲಿನವನ ಎಲೆಯ ಪಕ್ಕದಲ್ಲಿ ಅವಳಿಗೂ ಒಂದು ಎಲೆ ಬೀಳತೊಡಗಿತು. ಪಟ್ಟಣದವಳೆಂದು ಅನ್ನ ಸಾರು ಬೇರೆ ಮಾಡಿ ತರುತ್ತಿದ್ದರು. ಇದನ್ನು ಕಮಲ ಹಳ್ಳಿಯ ಜನರ ಒಳ್ಳೆಯತನ ಎಂದುಕೊಂಡಳು. ಎಲೆ ಬಿಟ್ಟು ಎದ್ದರೆ ಏನರ್ಥ ಎಂಬುದನ್ನು ಮೂರನೆಯ ಅಧ್ಯಾಯದಲ್ಲಿ ವಿಸ್ತಾರವಾಗಿ ಬರೆದಿದ್ದಳು. ಆ ಮಾತು ತನಗೂ ಅನ್ವಯಿಸೀತು ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಬರೆಯುವವರು ಲೆಕ್ಕಕ್ಕಿಲ್ಲ, ಅವರು ನೋಡುತ್ತಾರೆ ಅಷ್ಟೆ ಎಂಬುದು ಓದಿದವರ ನಂಬಿಕೆ. ತೂಬಿನ ಹತ್ತಿರ ಕೂತವರೆಲ್ಲ ಕಾವಲಿನವರೇ ಎಂಬುದು ಊರವರ ನಂಬಿಕೆ.

ಎಂಬತ್ತೊಂದರ ಏಪ್ರಿಲ್‌ನಲ್ಲಿ ಒಂದು ಏಕಾದಶಿ ದಿನ ಅವಳು ಬಸವನಕಟ್ಟೆಯ ತೂಬಿನ ಹತ್ತಿರ ಚಿಕ್ಕಬೀರಯ್ಯನ ಜೊತೆ ಕೂತಿದ್ದಳು. ಉಪವಾಸ ಎಂದು ಮೊದಲೇ ಹೇಳಿದ್ದರಿಂದ ನಿಂಗಮ್ಮ ಎಲೆ ಹಾಕಿ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟಳು. ಚಿಕ್ಕಬೀರಯ್ಯನಿಗೆ ಮುದ್ದೆ ಬಡಿಸಿದಳು. ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅವತ್ತು ಯಾಕೋ ಹೊತ್ತಿಗೆ ಮುಂಚೆ ಬಂದಿತ್ತು. ಅದು ತಪ್ಪಿದರೆ ಗುಬ್ಬಿಯಲ್ಲಿ ರೈಲಿಲ್ಲ. ಕಮಲ ಚೀಲ ಎತ್ತಿಕೊಂಡು, "ಇನ್ನೊಂದು ದಿನ ತಿಂತೀನಿ ನಿಂಗಮ್ಮಾ!" ಎಂದು ಕೂಗುತ್ತ ಗದ್ದೆ ಬದುವಿನ ಮೇಲೆ ಓಡಿದಳು. ಏರಿಯ ಆ ತುದಿಯಿಂದ, ಈ ತುದಿಯಿಂದ, ಎರಡೂ ಊರು ಅದನ್ನು ನೋಡಿದವು.

ಆಮೇಲೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಬಂದು ಅವಳು ತಿರುಗಿ ಹೋಗುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಬಸ್ಸಿಳಿದು ಏರಿ ಹತ್ತಿದವಳು ಅಲ್ಲೇ ನಿಂತಳು. ತೂಬಿನ ಹತ್ತಿರ ಯಾರೂ ಇಲ್ಲ. ಕೊಡೆಯೂ ಇಲ್ಲ, ಮನುಷ್ಯನೂ ಇಲ್ಲ. ಆ ತುದಿಯಲ್ಲೂ ಇಲ್ಲ. ಎರಡು ತೂಬೂ ತೆರೆದುಕೊಂಡು ಹಗಲಲ್ಲೇ ಭರ್ರೆಂದು ನೀರು ಹರಿಯುತ್ತಿತ್ತು. ಕೊರಳು ಮಾತ್ರ ಕಾಣಬೇಕಾದ ಕಲ್ಲುಬಸವ ಮಂಡಿ ತನಕ ಬಯಲಾಗಿ ಕೆಸರಲ್ಲಿ ಕೂತಿತ್ತು. ಹೀಗೇ ಹರಿದರೆ ವಾರದಲ್ಲಿ ಕೆರೆ ಬರಿದು. ಅದರ ಜೊತೆಗೆ ತನ್ನ ಐದು ವರ್ಷದ ಕೆಲಸವೂ ಬರಿದು ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ನಂಬಿಕೆ ಇಲ್ಲದೆಯೂ ಈ ಕಾವಲು ಶಾಂತಿ ಕಾಪಾಡುತ್ತದೆ ಎಂದು ಬರೆದವಳ ಕಣ್ಣೆದುರೇ ಕಾವಲು ಎದ್ದು ಹೋಗಿತ್ತು.

ಊರೊಳಗೆ ಹೋದರೆ ನಿಂಗಮ್ಮ ಮುಖ ನೋಡಿ, ಮಾತಾಡದೆ ಒಳಗೆ ಹೋದಳು. ಗಂಗಹನುಮಯ್ಯ ಜಗಲಿಯಿಂದ ಏಳಲಿಲ್ಲ.

"ನಾವು ಏನು ಕದ್ದಿದ್ವಿ, ಮೇಡಮ್ನೋರೆ?" ಅಂದ.

"ಕದಿಯೋದಾ? ಯಾರು ಅಂದ್ರು?"

"ನೀವೇ ಅಂದ್ರಿ. ಎಲೆ ಬುಟ್ಟು ಎದ್ದು ಓಡುದ್ರಲ್ಲ."

ಕಮಲಳ ಬಾಯಿ ಕಟ್ಟಿತು. ಅಂಥದ್ದು ಅವಳ ಜೀವಮಾನದಲ್ಲಿ ಆದದ್ದು ಅದೇ ಮೊದಲು. ಆ ಸಂಜೆಯೇ ಹಿಪ್ಪೆತೋಪಿನವರು ಚಿಕ್ಕಬೀರಯ್ಯನನ್ನು ಸುತ್ತುಗಟ್ಟಿದ್ದರು. ಓದಿದ ಹೆಂಗಸಿಗೆ ಕಂಡದ್ದು ನಿನಗೆ ಕಾಣಲಿಲ್ಲವೇ, ಮುದ್ದೆ ನುಂಗುತ್ತ ಕೂತಿದ್ದೆಯಾ ಎಂದು ಬೈದು, ಅವನನ್ನು ಕಾವಲಿನಿಂದ ಬಿಡಿಸಿ ತಮ್ಮ ತೂಬು ಎತ್ತಿದರು. ಅವರು ಎತ್ತಿದ್ದು ನೋಡಿ ಬಸವನಕಟ್ಟೆಯವರೂ ತಮ್ಮವನನ್ನು ಕರೆಸಿಕೊಂಡು ಎತ್ತಿದರು. ಹೆಂಗಸರು ಬಾವಿಕಟ್ಟೆಯಲ್ಲಿ ಬೈದಾಡಿಕೊಂಡಿದ್ದಾಗಿತ್ತು. ಗಂಡಸರು ಇನ್ನೂ ಕೈ ಮಾಡಿರಲಿಲ್ಲ, ಅಷ್ಟೇ ಬಾಕಿ.

ಅವಳು ಏಕಾದಶಿ ಅಂದಳು, ಬಸ್ಸು ಅಂದಳು, ರೈಲು ಅಂದಳು. ಅವಳ ಗಂಟಲು ಕೇಳಿ ಅರ್ಧ ಊರು ಸೇರಿತು. ಗಂಗಹನುಮಯ್ಯ ಪೂರ್ತಿ ಕೇಳಿಸಿಕೊಂಡ. "ಉಪಾಸ ಸರಿ. ಬಾಳೆಹಣ್ಣು ಇತ್ತಲ್ಲ ಎಲೆ ಮ್ಯಾಲೆ. ಒಂದು ತುಣುಕು ಬಾಯಿಗೆ ಹಾಕ್ಕಂಡು ಓಡಿದ್ರೆ ಬಸ್ಸು ಹೊಂಟೋಗ್ತಿತ್ತಾ?" ಅಂದ.

ಕಮಲ ಚೀಲ ಹೆಗಲಿಗೇರಿಸಿದಳು.

"ನೀವು ಕದ್ದಿಲ್ಲ ಅಂತ ನಾನೇ ಹಿಪ್ಪೆತೋಪಿಗೆ ಹೋಗಿ ಹೇಳ್ತೀನಿ," ಅಂದಳು.

"ಹೇಳಿ. ಬಾಯಿಮಾತು ಯಾರು ಬೇಕಾದ್ರೂ ಆಡ್ತಾರೆ. ತೂಬಿನ ತಾವ ಬಾಯಿಗೆ ಒಂದೇ ಕೆಲ್ಸ, ಉಣ್ಣೋದು."

"ಹಾಗಾದ್ರೆ ಇಂಥದ್ದು ಹಿಂದೆ ಆದಾಗ ಏನು ಮಾಡ್ತಿದ್ರಿ?"

"ಆಗಿದ್ರಲ್ವಾ ಮಾಡೋಕೆ?"

ಪದ್ಧತಿಯಲ್ಲಿ ದಾರಿ ಇರಲಿಲ್ಲ. ಕಮಲ ಜಗಲಿಯ ಅಂಚಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಅಳು ಬಂದಿತ್ತು. ಅತ್ತರೆ ಕೆಲಸ ಕೆಡುತ್ತದೆಂದು ನುಂಗಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಬಸ್ಸು ಹತ್ತುತ್ತಿದ್ದರೋ ಏನೋ. ಇವಳು ಮೂರು ಬೇಸಿಗೆ ಈ ಕಾವಲಿನ ಮೈಮೂಳೆಯನ್ನೆಲ್ಲ ಬಿಡಿಸಿ ನೋಡಿದ್ದವಳು. ದಾರಿ ಇಲ್ಲವೆಂದರೆ ಮಾಡಬೇಕು ಅಷ್ಟೆ ಎಂದುಕೊಂಡಳು. ಎಲೆ ಬಿಟ್ಟು ಎದ್ದದ್ದರಿಂದ ಮುರಿದದ್ದು ಎಲೆಗೆ ಕೂತೇ ಕೂಡಬೇಕು.

ಎದ್ದು ನಿಂತು ಅಂದಳು: "ನಾನು ನಿಮ್ಮ ತೂಬಿನ ಹತ್ತಿರ ಮತ್ತೆ ಕಾವಲು ಕೂರ್ತೀನಿ. ಅವರ ತೂಬಿನ ಹತ್ತಿರಾನೂ ಕೂರ್ತೀನಿ. ಎರಡೂ ಊರು ಏರಿ ಮೇಲೆ ನಿಂತು ನೋಡ್ಲಿ. ಎರಡೂ ಕಡೆ ಉಂಡು ಏಳ್ತೀನಿ. ಆಗ ಸರಿಯಾ?"

ಗಂಗಹನುಮಯ್ಯ ಜನರ ಕಡೆ ನೋಡಿದ. ಯಾರೂ ಬೇಡವೆನ್ನಲಿಲ್ಲ. "ಪಟ್ಟಣದೂಟ ಅಲ್ಲ," ಅಂದ. "ಕಾವಲಿನೋನು ಉಣ್ಣೋದು ಮುದ್ದೆ."

"ಮುದ್ದೆನೇ."

ಆಗ ಒಳಗಿದ್ದ ನಿಂಗಮ್ಮ ಬಾಗಿಲಿಗೆ ಬಂದಳು. ಅವತ್ತು ಅವಳು ಆಡಿದ ಮೊದಲ ಮಾತು ಇದು. "ಇವತ್ತೂ ಏಕಾದ್ಸಿ ಅಲ್ವಾ, ಕಮಲಮ್ಮಾ?"

ಹೌದು. ಬೆಳಗ್ಗೆ ಕೌಸಲ್ಯಮ್ಮ ನೆನಪು ಮಾಡಿಯೇ ಕಳಿಸಿದ್ದರು. ಇನ್ನೊಂದು ದಿನ ಬರುತ್ತೇನೆ ಎನ್ನಬಹುದಿತ್ತು. ಆದರೆ ಎರಡು ತೂಬೂ ಹರಿಯುತ್ತಿದ್ದವು. ಜೊತೆಗೆ, ಇನ್ನೊಂದು ದಿನ ತಿನ್ನುತ್ತೇನೆ ಎಂದೇ ಅವಳು ಹೋದ ಸಲ ಓಡಿದ್ದು.

"ಹೂಂ, ಏಕಾದಶಿನೇ," ಅಂದಳು ಕಮಲ. "ಹಿಟ್ಟಿಗೆ ಎಸರಿಡಿ ನಿಂಗಮ್ಮಾ."

ಹಿಪ್ಪೆತೋಪಿಗೆ ಹೋಗಿ ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರಿಗೂ ಕೆರೆ ಬರಿದಾಗುವ ಭಯ ಹತ್ತಿತ್ತು. ಕಷ್ಟವಾದದ್ದು ತೂಬು ಮುಚ್ಚಿಸುವುದು. ಮೊದಲು ಅವರು ಮುಚ್ಚಲಿ ಎಂದು ಇವರು, ಇವರು ಮುಚ್ಚಲಿ ಎಂದು ಅವರು. ದೊಡ್ಡ ದೇಶಗಳ ಕಾಗದಪತ್ರಗಳಲ್ಲಿ ಅವಳು ಇದೇ ಮಾತನ್ನು ಎಷ್ಟು ಸಲ ಓದಿರಲಿಲ್ಲ! ಕೊನೆಗೆ ಚಿಕ್ಕಬೀರಯ್ಯನ ಕೊಡೆ ಇಸಿದುಕೊಂಡು ಏರಿಯ ನಟ್ಟನಡುವೆ ಹೋಗಿ ನಿಂತಳು. ಕೊಡೆ ಮೇಲೆತ್ತಿ, ಸೈಕಲ್ ಸ್ಟ್ಯಾಂಡಿನ ಜವಾನನಿಗೆ ಕೇಳಿಸುವ ಆ ಗಂಟಲಲ್ಲಿ, "ಇಳಿಸೀ!" ಎಂದು ಕೂಗಿದಳು. ಎರಡು ತುದಿಗೂ ಒಂದೇ ಸಲಕ್ಕೆ ಕೇಳಿಸಿತು. ಎರಡು ತೂಬೂ ಒಟ್ಟಿಗೆ ಇಳಿದವು. ನೀರಿನ ಸದ್ದು ನಿಂತ ಮೇಲೆ ಯಾರೋ ಒಬ್ಬ ಮುದುಕ, "ಎಂಥ ಗಂಟ್ಲವ್ವ ಇದು!" ಅಂದದ್ದು ಎಲ್ಲರಿಗೂ ಕೇಳಿ ಜನ ನಕ್ಕರು. ಅಲ್ಲಿಗೆ ಅರ್ಧ ಜಗಳ ಹೋಯಿತು.

ಉಳಿದರ್ಧ ಮುದ್ದೆಯದು. ಕಮಲ ಬಸವನಕಟ್ಟೆಯ ತೂಬಿನ ಹತ್ತಿರ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತಳು, ಬಗ್ಗಿ ತೂಬು ನೋಡಿದಳು, ಕೈ ತೊಳೆದಳು. ನಿಂಗಮ್ಮ ಮುದ್ದೆ ಹಾಕಿ ಹುರಳಿ ಸಾರು ಬಿಟ್ಟಳು. ಮುದ್ದೆ ಸಣ್ಣದು ಮಾಡಿ ಎನ್ನಲು ಹೋಗಿ ಕಮಲ ಸುಮ್ಮನಾದಳು. ಅಗಿಯಬಾರದು, ನುಂಗಬೇಕು ಎಂದು ಚಿಕ್ಕಬೀರಯ್ಯ ಪಕ್ಕದಲ್ಲಿ ನಿಂತು ಪಾಠ ಹೇಳಿದ. ಮೊದಲ ತುತ್ತು ಗಂಟಲಿಗೆ ಅಡ್ಡ ನಿಂತು ಕಣ್ಣಲ್ಲಿ ನೀರು ಬಂತು. ಎರಡೂ ಊರಿನ ಜನ ಅವಳ ಗಂಟಲನ್ನೇ ನೋಡುತ್ತಿದ್ದರು. ಅವಳು ಎಲೆ ಖಾಲಿ ಮಾಡಿ, ಎದ್ದು, ಏರಿಯ ಉದ್ದಕ್ಕೂ ನಡೆದು, ಹಿಪ್ಪೆತೋಪಿನ ತೂಬಿನ ಹತ್ತಿರ ಕೂತಳು. ಅಲ್ಲಿಯೂ ಮುದ್ದೆ, ಅಲ್ಲಿಯೂ ಸಾರು. ಬಸವನಕಟ್ಟೆಯದಕ್ಕಿಂತ ದೊಡ್ಡ ಮುದ್ದೆ ಹಾಕಿದ್ದರು, ಮರ್ಯಾದೆಯ ಪ್ರಶ್ನೆ ನೋಡಿ. ಅದನ್ನೂ ಉಂಡಳು. ಕೈ ತೊಳೆದು ತಿರುಗುವಷ್ಟರಲ್ಲಿ ಚಿಕ್ಕಬೀರಯ್ಯ ಕೊಡೆ ಬಗಲಲ್ಲಿಟ್ಟುಕೊಂಡು ಬಸವನಕಟ್ಟೆಯ ತೂಬಿನ ಕಡೆ ನಡೆಯುತ್ತಿದ್ದ, ಬಸವನಕಟ್ಟೆಯವನೊಬ್ಬ ಈ ಕಡೆ ಬರುತ್ತಿದ್ದ. ಇಬ್ಬರೂ ಏರಿಯ ನಡುವೆ ಒಬ್ಬರನ್ನೊಬ್ಬರು ದಾಟಿದರು, ಮುಖ ನೋಡಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಅತ್ತೆಗೆ ಹೇಳಿದಳು. "ಅಮ್ಮಾ, ಏಕಾದಶಿ ಮುರಿದೆ. ಎರಡು ಊರಲ್ಲಿ ಎರಡು ಮುದ್ದೆ ತಿಂದೆ."

ಕೌಸಲ್ಯಮ್ಮ ಯಾಕೆಂದು ಕೇಳಿದರು. ಕಮಲ ಪೂರ್ತಿ ಹೇಳಿದಳು. ಅವರು ಜಪಮಣಿ ಕೆಳಗಿಟ್ಟು, "ಎರಡಾ?" ಅಂದರು.

"ಎರಡು."

"ಕದ್ದು ತಿಂದಿದ್ರೆ ಬೇರೆ ಮಾತಾಗ್ತಿತ್ತು. ಬಂದು ಹೇಳಿದೆಯಲ್ಲ. ನೀರಿನ ಜಗಳ ನಿಲ್ಲಿಸೋಕೆ ತಿಂದಿದ್ದು ಊಟ ಅಲ್ಲ, ಔಷಧ. ಹೋಗು, ಒಂದು ಲೋಟ ಮಜ್ಜಿಗೆ ಕುಡಿದು ಮಲಕ್ಕೋ, ಇಲ್ಲದಿದ್ರೆ ಹೊಟ್ಟೆ ಕೆಡತ್ತೆ."

ಕಮಲ ಮಜ್ಜಿಗೆ ಕುಡಿದಳು. ಮಲಗಲಿಲ್ಲ, ಬರೆಯಲು ಕೂತಳು. ಕಾವಲು ಹೇಗೆ ಮುರಿಯಿತು, ಮುರಿದವರು ಯಾರು, ಹೇಗೆ ಕೂಡಿತು ಎಂಬುದೇ ಥೀಸಿಸ್ಸಿನ ಕೊನೆಯ ಅಧ್ಯಾಯವಾಯಿತು. ಅದನ್ನು ಓದಿ ಶಿವರಾಮಯ್ಯನವರು ತಲೆ ಚಚ್ಚಿಕೊಂಡರು.

"ಇದನ್ನ ತೆಗೀರಮ್ಮಾ. ಐದು ಅಧ್ಯಾಯ ಕಾವಲು ಗಟ್ಟಿ ಅಂತ ಬರೆದು, ಆರನೇದರಲ್ಲಿ ಒಂದು ಬಾಳೆಹಣ್ಣಿಗೆ ಬಿದ್ದುಹೋಯ್ತು ಅಂತ ಬರೀತಾರಾ? ದೆಹಲಿಯಿಂದ ಪರೀಕ್ಷಕರು ಬರ್ತಾರೆ. ಇಡೀ ಥೀಸಿಸ್ಸನ್ನೇ ವಾಪಸ್ ಕಳಿಸ್ತಾರೆ."

"ತೆಗೆದರೆ ಉಳಿದ ಐದೂ ಸುಳ್ಳಾಗತ್ತೆ ಸಾರ್. ಅವರು ವಾಪಸ್ ಕಳಿಸ್ಲಿ, ಇದು ಇಲ್ಲದೆ ನಾನು ಕೊಡಲ್ಲ."

ಅವರು ಹದಿನೈದು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಸಹಿ ಹಾಕಿದರು.

ಎಂಬತ್ತಮೂರರಲ್ಲಿ ವೈವಾ ನಡೆಯಿತು. ದೆಹಲಿಯ ಪರೀಕ್ಷಕರು ಎತ್ತರದ ಮನುಷ್ಯ, ನಿಶ್ಶಸ್ತ್ರೀಕರಣದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರು. ಮೊದಲ ಐದು ಅಧ್ಯಾಯ ಮುಟ್ಟದೆ ನೇರ ಆರನೆಯದನ್ನೇ ತೆರೆದರು. ಶಿವರಾಮಯ್ಯನವರು ಕಿಟಕಿಯ ಕಡೆ ತಿರುಗಿದರು. ಒಂದು ಹೊತ್ತಿನ ಊಟಕ್ಕೆ ಕುಸಿದುಬಿದ್ದ ಏರ್ಪಾಡನ್ನು ನೀವು ಅಣ್ವಸ್ತ್ರ ಇರುವ ದೇಶಗಳಿಗೆ ಹೇಳುತ್ತಿದ್ದೀರಿ, ಗೊತ್ತೇ ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು.

ಕಮಲಳ ಧ್ವನಿ ಎಂದಿನದೇ.

ಕುಸಿದದ್ದು ನನ್ನಿಂದ, ಅಂದಳು. ಹೊರಗಿನಿಂದ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ತೂಬಿನ ಹತ್ತಿರ ಕೂತ ಮೇಲೆ ಹೊರಗಿನವರು ಎಂಬುವರು ಇಲ್ಲ. ನಾಳೆ ಕಾರ್ಖಾನೆಯ ಗೇಟಿನಲ್ಲಿ ಕೂರುವವನೂ ಸುಮ್ಮನೆ ನೋಡುವವನಲ್ಲ, ಅವನು ಏಳುವುದು, ಕೂರುವುದು, ಉಣ್ಣುವುದು ಎಲ್ಲವೂ ಮಾತೇ. ಎರಡನೆಯದು, ಈ ಕಾವಲು ಮುರಿದದ್ದು ಹಗಲಲ್ಲಿ, ಎಲ್ಲರ ಕಣ್ಣೆದುರು. ಯಾರೂ ಮಚ್ಚು ಹಿಡಿಯುವ ಮುಂಚೆ ಎರಡೂ ಊರಿಗೆ ಗೊತ್ತಾಗಿತ್ತು. ನೀವು ಬರೆದ ಒಪ್ಪಂದಗಳು ಮುರಿದಾಗ ಗೊತ್ತಾಗುವುದು ಬಾಂಬು ಬಿದ್ದ ಮೇಲೆ. "ಮುರಿಯದೇ ಇರುವ ಏರ್ಪಾಡು ನನಗೆ ಎಲ್ಲೂ ಸಿಗಲಿಲ್ಲ, ಸರ್. ಮತ್ತೆ ಕೂಡಿಸಲು ಬರುವಂಥದ್ದು ಸಿಕ್ಕಿತು."

ಪರೀಕ್ಷಕರು ಸ್ವಲ್ಪ ಹೊತ್ತು ಪುಟ ತಿರುಗಿಸಿದರು. ಆಮೇಲೆ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಇದನ್ನು ಬೇರೆ ಯಾರೂ ಹೇಳಿಲ್ಲ ಎಂದರು. ಡಿಗ್ರಿ ಕೊಟ್ಟರು. ಹೊರಗೆ ಬಂದ ಮೇಲೆ ಶಿವರಾಮಯ್ಯನವರು ಅವಳಿಗೆ ಮಸಾಲೆದೋಸೆ ಕೊಡಿಸಿ, ಆ ಅಧ್ಯಾಯ ಉಳಿಸಿಕೊಳ್ಳಲು ತಾವೇ ಹೇಳಿದ್ದು ಎಂಬಂತೆ ಎಲ್ಲರ ಹತ್ತಿರ ಮಾತಾಡಿದರು.

ಸ್ಟಾಫ್ ರೂಮಿನಲ್ಲಿ ಹಿತ್ತಲ ಗಿಡ ಮದ್ದಲ್ಲ. ಡಾಕ್ಟರ್ ಆದ ಮೇಲೂ ಯೋಗನರಸಿಂಹ ಅವಳನ್ನು ತೂಬಿನ ಮೇಡಂ ಎಂದೇ ಕರೆಯುತ್ತಿದ್ದ. ಎಂಬತ್ತೇಳರ ಡಿಸೆಂಬರಿನ ಒಂದು ಬೆಳಗ್ಗೆ ಮಾತ್ರ ಅವನು ಪೇಪರ್ ಬಿಡಿಸಿದವನು ತಮಾಷೆ ಮಾಡಲಿಲ್ಲ. ಎದ್ದು ಬಂದು ಅವಳ ಮೇಜಿನ ಮೇಲೆ ಪೇಪರ್ ಇಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟ. ಎರಡು ದೊಡ್ಡ ದೇಶಗಳು ಒಂದು ಬಗೆಯ ಕ್ಷಿಪಣಿಗಳನ್ನೆಲ್ಲ ನಾಶ ಮಾಡಲು ಸಹಿ ಹಾಕಿದ್ದವು. ಇವರ ಕಾರ್ಖಾನೆಯ ಗೇಟಿನಲ್ಲಿ ಅವರ ಜನ, ಅವರ ಕಾರ್ಖಾನೆಯ ಗೇಟಿನಲ್ಲಿ ಇವರ ಜನ, ವರ್ಷಗಟ್ಟಲೆ ಅಲ್ಲೇ ಇದ್ದು ಕಾಯುವುದೆಂದು ಒಪ್ಪಿದ್ದವು. ಆ ದೇಶದವರಾರೂ ಕಮಲಳ ಥೀಸಿಸ್ ಓದಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ಅವಳು ಆ ಸಾಲನ್ನು ಎರಡು ಸಲ ಓದಿ, ಸ್ಟಾಫ್ ರೂಮಿನ ಕಿಟಕಿ ಗಾಜು ಅದುರುವ ಹಾಗೆ, "ನಾನು ಹೇಳಿರಲಿಲ್ವಾ!" ಎಂದು ಕೂಗಿದಳು. ಕೆಳಗಿನಿಂದ ಜವಾನ ಏನಾಯಿತೆಂದು ಓಡಿಬಂದ.

ಫೆಬ್ರವರಿಯಲ್ಲಿ ಕಲ್ಲುಬಸವನ ಕೊರಳು ಕಂಡಿತೆಂದು ಸುದ್ದಿ ಬಂದ ಕೂಡಲೇ ಅವಳು ಚೇಳೂರಿನ ಬಸ್ಸು ಹತ್ತಿದಳು. ಚಿಕ್ಕಬೀರಯ್ಯನಿಗೆ ತಲೆ ಬೆಳ್ಳಗಾಗಿತ್ತು, ಕೊಡೆ ಹೊಸದಾಗಿತ್ತು. ತೂಬಿನ ಹತ್ತಿರ ಕೂತು ಅವಳು ಅವನಿಗೂ ಗಂಗಹನುಮಯ್ಯನಿಗೂ ಸುದ್ದಿ ಹೇಳಿದಳು.

"ಈಗ ಒಪ್ಪಿದ್ರಾ?" ಅಂದ ಗಂಗಹನುಮಯ್ಯ. "ಇಷ್ಟು ವರ್ಸ ಏನ್ ಮಾಡ್ತಿದ್ರಂತೆ?"

"ಮೊದಲು ನೀನು ಮುಚ್ಚು ಅಂತ ಕೂತಿದ್ರು."

ಚಿಕ್ಕಬೀರಯ್ಯ ಯೋಚನೆ ಮಾಡಿದ. "ಊಟ ಯಾರು ಹಾಕ್ತಾರಂತೆ?"

"ಅದನ್ನ ಪೇಪರ್‌ನಲ್ಲಿ ಬರೆದಿಲ್ಲ."

ನಿಂಗಮ್ಮ ಬಂದು ಕುಕ್ಕೆ ಇಳಿಸಿ ಎರಡು ಎಲೆ ಹಾಕಿದಳು. ಅನ್ನ ಬೇರೆ ತರುವುದನ್ನು ಅವಳು ಆ ಏಕಾದಶಿಯಾದ ಮೇಲೆ ಬಿಟ್ಟುಬಿಟ್ಟಿದ್ದಳು. ಎರಡು ಎಲೆಗೂ ಮುದ್ದೆಯನ್ನೇ ಬಡಿಸಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಏರಿಯ ಆ ತುದಿಯಲ್ಲಿ ದನ ಕಾಯುತ್ತಿದ್ದ ಒಂದಿಬ್ಬರು ತಿರುಗಿ ಈ ಕಡೆ ನೋಡಿದರು.

"ಬಸ್ ಬಂತು ಕಣ್ರವ್ವಾ," ಅಂದಳು ನಿಂಗಮ್ಮ.

"ಹೋಗ್ಲಿ ಬಿಡಿ," ಅಂದಳು ಕಮಲ, ಮುದ್ದೆ ಮುರಿಯುತ್ತ. "ಸಾರು ಬಿಡಿ ಇನ್ನೊಂದು ಸೌಟು."